ಸೋಮವಾರದೊಳಗೆ ಬೇಕಂತೆ, ಅದೂ ಪುಕ್ಕಟೆ

ಇವತ್ತು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಆಫೀಸಿನಲ್ಲಿ ಕೂತಿದ್ದೆ. ಯಾವುದು ಅಂತ ಕೇಳಬೇಡಿ, ನನ್ನ ಬಿಲ್ ಬಾಕಿ ಇದೆ. ಮ್ಯಾನೇಜರ್ ಹುಡುಗನಿಗೆ ಹೇಳುತ್ತಿದ್ದರು: "ಆ ಲೈಬ್ರರಿ ಬರೆದವನಿಗೆ ಮೇಲ್ ಹಾಕಪ್ಪಾ, ಸೋಮವಾರದೊಳಗೆ ಬಗ್ ಸರಿ ಮಾಡ್ಬೇಕು ಅಂತ ಸ್ವಲ್ಪ ಗಟ್ಟಿಯಾಗೇ ಬರಿ." ಲೈಬ್ರರಿ ಅಂದರೆ ಪುಸ್ತಕದ್ದಲ್ಲ, ಯಾರೋ ಬರೆದು ಎಲ್ಲರೂ ಬಳಸಲಿ ಅಂತ ಪುಕ್ಕಟೆ ಬಿಟ್ಟ ಓಪನ್ ಸೋರ್ಸ್ ಕೋಡ್. ಅದನ್ನು ಬರೆದವನಿಗೆ ಇವರು ಒಂದು ರೂಪಾಯಿ ಕೊಟ್ಟಿಲ್ಲ, ಯಾವ ದೇಶದವನು ಅಂತಲೂ ಗೊತ್ತಿಲ್ಲ. ಆದರೂ ಡೆಡ್‌ಲೈನ್!

ನೆಟ್‌ನಲ್ಲಿ ಡೇಟಾ ಕಳಿಸೋ ತರಿಸೋ ಕರ್ಲ್ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಬರೆದ ಡೇನಿಯಲ್ ಸ್ಟೆನ್‌ಬರ್ಗ್‌ಗೂ 2022ರಲ್ಲಿ ಹೀಗೇ ಆಯಿತು. ಲಾಗ್‌ಫೋರ್‌ಜೆ ಅನ್ನೋ ಬೇರೆ ಲೈಬ್ರರಿಯಲ್ಲಿ ಸಿಕ್ಕ ಭದ್ರತೆಯ ತೊಂದರೆ ನಿಮ್ಮಲ್ಲೂ ಇದೆಯಾ, 24 ಗಂಟೆಯೊಳಗೆ ಉತ್ತರಿಸಿ ಅಂತ ದೊಡ್ಡ ಕಂಪನಿಯೊಂದರ ಮೇಲ್. ಲಾಗ್‌ಫೋರ್‌ಜೆ ಜಾವಾ ಭಾಷೆಯದ್ದು, ಕರ್ಲ್ ಇರೋದು ಸಿ ಭಾಷೆಯಲ್ಲಿ! ಸಪೋರ್ಟ್ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕಿ, ಎಲ್ಲದಕ್ಕೂ ಉತ್ತರ ಕೊಡ್ತೀನಿ ಅಂದರು ಆತ. ಭೇಷ್.

ಅದೇ ಆಫೀಸಿನಲ್ಲಿ ಯುಪಿಎಸ್‌ಗೆ ಎಎಂಸಿ (ವರ್ಷಕ್ಕಿಷ್ಟು ಅಂತ ಕೊಡೋ ರಿಪೇರಿ ಕರಾರು), ಎಸಿಗೆ ಎಎಂಸಿ, ನೀರಿನ ಫಿಲ್ಟರ್‌ಗೂ ಎಎಂಸಿ. ಸರ್ವೀಸ್ ಹುಡುಗ ಬಂದು ಧೂಳು ಊದಿ, ಗೋಡೆಗೆ ನೇತುಹಾಕಿದ ಕಾರ್ಡಿನಲ್ಲಿ ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಅದನ್ನು ಯಾರೂ ದಾನ ಅನ್ನಲ್ಲ. ಈ ಲೈಬ್ರರಿಗೂ ಏನಾದರೂ ಕೊಡಿ ಅಂದರೆ ಅಕೌಂಟ್ಸ್ ಮೇಡಂ ಕೇಳಿದ್ದು, "ಅವರಿಗೆ ಜಿಎಸ್‌ಟಿ ನಂಬರ್ ಇದೆಯಾ ಸರ್?"

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮೂ ಓಪನ್ ಸೋರ್ಸೇ, ಅದರ ಕೆಲಸಕ್ಕೆ ಕಂಪನಿಗಳೇ ಸಂಬಳ ಕೊಡ್ತಾವಲ್ಲ, ಲಿನಕ್ಸ್ ಕಂಪನಿ ರೆಡ್ ಹ್ಯಾಟನ್ನು ಐಬಿಎಂ 34 ಬಿಲಿಯನ್ ಡಾಲರ್ ಕೊಟ್ಟು ಕೊಂಡಿತಲ್ಲ ಅಂತೀರಿ. ಹೌದಪ್ಪ, ಕಣ್ಣಿಗೆ ಕಾಣೋದಕ್ಕೆ ದುಡ್ಡು ಬರುತ್ತದೆ. ಆದರೆ ಅರ್ಧ ಇಂಟರ್ನೆಟ್ಟಿಗೆ ಭದ್ರತೆಯ ಬೀಗ ಹಾಕುತ್ತಿದ್ದ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರ್. 2014ರಲ್ಲಿ ಅದರೊಳಗಿನ ಹಾರ್ಟ್‌ಬ್ಲೀಡ್ ಅನ್ನೋ ದೊಡ್ಡ ತೂತು ಬಯಲಾದ ಮೇಲೆ ಎಲ್ಲರೂ ದುಡ್ಡು ಹಿಡಿದು ಓಡಿ ಬಂದರು, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಬುದ್ಧಿ ಬಂತಾ? 2024ರಲ್ಲಿ ಫೈಲ್ ಕುಗ್ಗಿಸೋ ಎಕ್ಸ್‌ಝಡ್ ಸಾಫ್ಟ್‌ವೇರಿನ ಸರದಿ. ಅದನ್ನು ಒಬ್ಬರೇ ಹವ್ಯಾಸಕ್ಕೆ ನೋಡಿಕೊಳ್ಳುತ್ತಿದ್ದರು. ಸುಸ್ತಾಗಿದ್ದ ಅವರಿಗೆ ಸಹಾಯ ಮಾಡ್ತೀನಿ ಅಂತ ಬಂದವನೇ ಅದರೊಳಗೆ ಕದ್ದು ನುಗ್ಗೋಕೆ ಹಿಂಬಾಗಿಲು ಇಟ್ಟ.

ನನ್ನದೂ ಇದೇ ಕಥೆ. ಕನ್ನಡ ಬರಹವನ್ನು ಹಳೇ ಫಾಂಟು, ಯೂನಿಕೋಡ್ ನಡುವೆ ಬದಲಿಸೋ ಪರಿವರ್ತಕವೊಂದನ್ನು ಬರೆದು ಪುಕ್ಕಟೆ ಬಿಟ್ಟಿದ್ದೀನಿ. "ಅರ್ಕಾವತ್ತು ಸರಿ ಬರ್ತಿಲ್ಲ ಸರ್, ಅರ್ಜೆಂಟ್" ಅಂತ ವಾಟ್ಸಾಪ್ ಮಾಡೋರಲ್ಲಿ ಪುಟಕ್ಕಿಷ್ಟು ಅಂತ ದುಡ್ಡು ಎಣಿಸೋ ಡಿಟಿಪಿಯವರೇ ಜಾಸ್ತಿ. ಬೈಕೊಂಡೇ ಸರಿ ಮಾಡ್ತೀನಿ. ಯಾರಾದರೂ ಥ್ಯಾಂಕ್ಸ್ ಅಂದರೆ ಉಬ್ಬಿಹೋಗಿ ಮತ್ತೆ ರಾತ್ರಿಯೆಲ್ಲ ಕೂರ್ತೀನಿ, ನನ್ನ ಕರ್ಮ.

ಬೆಂಗಳೂರಿನ ಷೇರು ಬ್ರೋಕರ್ ಕಂಪನಿ ಜೆರೋಧಾದವರು ಇಂಥ ಓಪನ್ ಸೋರ್ಸ್ ಕೆಲಸಕ್ಕೇ ಅಂತ 2024ರಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್‌ನ ಫಂಡ್ ಶುರು ಮಾಡಿದರು. ನಮ್ಮ ಮೈಸೂರಿನ ಕಂಪನಿಯವರನ್ನು ಅಷ್ಟು ಕೇಳುತ್ತಿಲ್ಲ. ನೀವು ಬಳಸೋ ಲೈಬ್ರರಿಗಳಲ್ಲಿ ಒಬ್ಬರೇ ನೋಡಿಕೊಳ್ಳುತ್ತಿರೋ ಎರಡು ಮೂರನ್ನು ಹುಡುಕಿ, ಕೋಡ್ ಬರೆಯೋರಿಗೆ ದುಡ್ಡು ಕಳಿಸೋ ಗಿಟ್‌ಹಬ್ ಸ್ಪಾನ್ಸರ್ಸ್‌ನಲ್ಲಿ ತಿಂಗಳಿಗಿಷ್ಟು ಅಂತ ಕಟ್ಟಿ, ಎಎಂಸಿ ಲೆಕ್ಕಕ್ಕೇ ಬರೆದುಕೊಳ್ಳಿ. ಕನ್ನಡ ಪರಿವರ್ತಕಕ್ಕೂ ಸ್ವಲ್ಪ ಕೊಡ್ತೀವಿ ಅಂದರೆ ನಾನೇನೂ ಬೇಡ ಅನ್ನಲ್ಲ.