ಐದು ಸ್ಟಾರ್ ಒತ್ರಿ ಅಣ್ಣಾ

ಕೂಲರ್ ರಿಪೇರಿಗೆ ಬಂದ ಹುಡುಗ ಈಗಷ್ಟೇ ಹೋದ. ಬೆವರಿಗಿಂತ ಸಿಟ್ಟೇ ಜಾಸ್ತಿ ಬರುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಪಂಪ್ ಬದಲಿಸಿದ, ಸ್ವಿಚ್ ಹಾಕಿದ. ನೀರು ಹುಲ್ಲಿನ ಮೇಲೆ ಇಳಿಯುವ ಮೊದಲೇ ಫೋನ್ ಮುಂದೆ ಹಿಡಿದ. "ಐದು ಸ್ಟಾರ್ ಒತ್ರಿ ಅಣ್ಣಾ. ನಾಲ್ಕು ಕೊಟ್ರೂ ಆಫೀಸಿನಾಗ ಬೈತಾರ." ಒತ್ತಿದೆ. ಇನ್ನೇನು ಮಾಡಲಿ? ರಾಯಚೂರಿನ ಈ ಬಿಸಿಲಲ್ಲಿ ಬೈಕ್ ಮೇಲೆ ಬಂದವನ ಮುಖ ನೋಡಿ ಎರಡು ಕೊಡುವ ಗಟ್ಟಿ ಎದೆ ನನಗಿಲ್ಲ. ನಾನು ಕೊಟ್ಟಿದ್ದು ಅವನ ಪಗಾರಕ್ಕೆ. ಕಂಪನಿಯವರು ಮಾತ್ರ ಅದನ್ನು ಕೂಲರಿನ ಖಾತೆಗೆ ಬರೆದುಕೊಂಡರು.

ಆ ಕೂಲರಿಗೆ ದಿನಾ ನೀರು ತುಂಬುವವಳು ಅವ್ವ. ಹಾಕುವ ಬಾಯಿ ಎಷ್ಟು ಸಣ್ಣದೆಂದರೆ ಕೊಡ ಓರೆ ಮಾಡಿದರೆ ಅರ್ಧ ನೀರು ಅವಳ ಕಾಲ ಮೇಲೆ. ನಾಬ್ ಮೇಲಿನ ಅಂಕಿಗಳು ಅಳಿಸಿಹೋಗಿವೆ. ರಾತ್ರಿ ಕತ್ತಲಲ್ಲಿ ಟಕ್ ಟಕ್ ಎಣಿಸಿಯೇ ತಿರುಗಿಸುತ್ತಾಳೆ. ಬೋರ್ ನೀರಿನ ಉಪ್ಪು ಹುಲ್ಲಿಗೆ ಬೆಳ್ಳಗೆ ಹತ್ತಿದರೆ ಕಿತ್ತು ತೊಳೆಯುವವಳೂ ಅವಳೇ. ಅವಳನ್ನು ಯಾರೂ ಕೇಳಲಿಲ್ಲ. ಬಿಲ್ಲಿನ ಮೇಲೆ ಫೋನ್ ನಂಬರ್ ನನ್ನದು ಅಲ್ವಾ!

ಇನ್ನು ಸಂಜೆ ಮೆಸೇಜ್ ಬರುತ್ತದೆ: ಗೆಳೆಯರಿಗೆ ಶಿಫಾರಸು ಮಾಡುತ್ತೀರಾ, 0ಯಿಂದ 10ರೊಳಗೆ ಹೇಳಿ. 2003ರಲ್ಲಿ ಅಮೆರಿಕದ ಫ್ರೆಡ್ ರೈಕ್‌ಹೆಲ್ಡ್ ಜಗತ್ತಿಗೆ ಹಚ್ಚಿದ ಲೆಕ್ಕ ಇದು. 9, 10 ಕೊಟ್ಟವರು ಹೊಗಳುವವರು. 7, 8 ಅತ್ತಲೂ ಇಲ್ಲ, ಇತ್ತಲೂ ಇಲ್ಲ. 6 ಮತ್ತು ಅದಕ್ಕಿಂತ ಕಡಿಮೆ ಕೊಟ್ಟವರೆಲ್ಲ ತೆಗಳುವವರು. ನಮ್ಮ ಮಾವನವರು ಅತ್ತೆ ಮಾಡಿದ ಹೋಳಿಗೆಗೂ ಆರರ ಮೇಲೆ ಕೊಡುವವರಲ್ಲ. ಮೂರು ತಿಂದ ಮೇಲೂ! ಈ ಲೆಕ್ಕದಲ್ಲಿ ಅವರು ಹೋಳಿಗೆಯ ವೈರಿ.

"ಕೇಳದಿದ್ದರೆ ಕಂಪನಿಗೆ ಗೊತ್ತಾಗೋದು ಹೇಗೆ?" ಅಂತ ವಾದಕ್ಕೆ ಬರುತ್ತೀರಿ, ಗೊತ್ತು. ಕೇಳಲಿ, ಬೇಡ ಅಂದವರು ಯಾರು? ರಿಪೇರಿಯವನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳೋದು ಬೇಡ. ಹದಿನೈದು ದಿನ ಬಳಸಿದ ಮೇಲೆ, ಬಳಸುವವರನ್ನೇ ಕೇಳಲಿ. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ ಪೀಟರ್ ಡೆಸ್ಮೆಟ್ ಅನ್ನುವವರು ಒಂದು ವಸ್ತು ಜನರಲ್ಲಿ ಯಾವ ಭಾವ ಹುಟ್ಟಿಸುತ್ತದೆ ಅಂತ ತಿಳಿಯಲೆಂದೇ ಪ್ರೆಮೋ ಅನ್ನುವ ಸಾಧನ ಮಾಡಿದ್ದಾರೆ. ಕಾರ್ಟೂನ್ ಗೊಂಬೆಯೊಂದು 14 ಭಾವ ನಟಿಸಿ ತೋರಿಸುತ್ತದೆ. ಏಳು ಹಿತದವು, ಏಳು ಕಿರಿಕಿರಿಯವು. ಓದು ಬರಹ ಬೇಕಿಲ್ಲ, ತನ್ನ ಮನಸ್ಸಿಗೆ ಹೊಂದುವುದನ್ನು ಬೆರಳಿಟ್ಟು ತೋರಿಸಿದರಾಯಿತು. ಅವ್ವ ಯಾವುದನ್ನು ತೋರಿಸುತ್ತಾಳೆ ಅಂತ ನಿಮಗೂ ಗೊತ್ತು.

ಸುಮ್ನೆ ಕೇಳಿಯೂ ನೋಡಿದೆ: "ಅವ್ವಾ, ಕೂಲರಿಗೆ ಹತ್ತರಾಗ ಎಷ್ಟು ಕೊಡ್ತಿ?"

"ಅದನ್ನ ಮಾಡಿದವನಿಗೆ ಒಂದು ಕೊಡ ಕೊಡ್ತೀನಿ. ಒಂದ್ಸಲ ತಾನೇ ತುಂಬ್ಲಿ."