ಫೋನ್ ಸರಿಯಾಯ್ತು, ಮಾಷ್ಟ್ರೇ!

ಇವತ್ತು ಕಾಸರಗೋಡಿನ ನಮ್ಮ ಕುಂಬಳೆ ಪೇಟೆಯ ಒಂದು ಮೊಬೈಲ್ ಅಂಗಡಿಯಲ್ಲಿ ಹಲ್ಲು ಕಚ್ಚಿಕೊಂಡು ನಿಂತು ಬಂದಿದ್ದೇನೆ. ಇಲ್ಲಿ ಬರೆಯದಿದ್ದರೆ ರಾತ್ರಿ ಉಂಡದ್ದು ಕರಗುವುದಿಲ್ಲ.

ನಮ್ಮ ಮಾಷ್ಟ್ರು ಗೊತ್ತಲ್ಲ, ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹೇಳುವ ಯಕ್ಷಗಾನ) ಎಲ್ಲಿದ್ದರೂ ಮುಂದಿನ ಸಾಲಿನಲ್ಲಿ ಫೋನ್ ಹಿಡಿದು ರೆಕಾರ್ಡ್ ಮಾಡುತ್ತಾ ಕೂರುವವರು. ಆ ಫೋನ್ ಆನ್ ಮಾಡಿದರೆ ಕಂಪನಿಯ ಹೆಸರು ಬರುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು. ನಾನು ಹೋಗಿ ಸೇರುವಾಗ ಅಂಗಡಿಯ ಹುಡುಗ ಕೆಲಸ ಮುಗಿಸಿದ್ದ. "ಶರಿಯಾಯಿ ಮಾಷೇ" ಎಂದು ನಕ್ಕ. ಸರಿಯಾಗಿತ್ತು, ಸುಳ್ಳಲ್ಲ. ಹೊಸ ಫೋನಿನ ಹಾಗೆ ಯಾವ ಭಾಷೆ ಬೇಕೆಂದು ಕೇಳುತ್ತಿತ್ತು. ರೆಕಾರ್ಡಿಂಗ್ ಮಾತ್ರ ಒಂದೂ ಇಲ್ಲ.

ಅಳಿಸುವ ಮೊದಲು ಕೇಳಿದ್ಯಾ ಮಾರಾಯ ಅಂದೆ. ಫಾರ್ಮ್ ತೋರಿಸಿದ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, ಮಲಯಾಳದಲ್ಲಿ, ಡೇಟಾ ಹೋದರೆ ನಾವು ಹೊಣೆಯಲ್ಲ ಎಂದಿತ್ತು. ಮಾಷ್ಟ್ರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಸಹಿ ಹಾಕಿದ್ದಾರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಈ ಕಡೆಯ ನಮಗೆ ಓದಲು ಬಾರದ ಕಾಗದಕ್ಕೆ ಸಹಿ ಹಾಕುವುದು ಹೊಸತೇನಲ್ಲ ಬಿಡಿ.

ನನ್ನ ಸಿಟ್ಟು ಸಾಫ್ಟ್‌ವೇರ್ ಹಾಕಿದ್ದಕ್ಕಲ್ಲ, ಕೇಳದೆ ಹಾಕಿದ್ದಕ್ಕೆ. ಮಾಷ್ಟ್ರದ್ದಂಥ ಸ್ಯಾಮ್‌ಸಂಗ್ ಫೋನನ್ನು ಡೌನ್‌ಲೋಡ್ ಮೋಡಿಗೆ (ಸಾಫ್ಟ್‌ವೇರ್ ತುಂಬಿಸಿಕೊಳ್ಳುವ ಸ್ಥಿತಿಗೆ) ತಂದು, ಕೇಬಲ್ ಚುಚ್ಚಿ, ಕಂಪ್ಯೂಟರಿನಲ್ಲಿ ಓಡಿನ್ ಎಂಬ ಸಾಫ್ಟ್‌ವೇರ್ ತುಂಬುವ ಪ್ರೋಗ್ರಾಂ ತೆರೆದರೆ ನಾಲ್ಕು ಫೈಲ್ ಹಾಕಬೇಕು. ಫೋನ್ ಏಳಿಸುವ ಬಿಎಲ್, ಸಿಸ್ಟಮಿನ ಎಪಿ, ನೆಟ್‌ವರ್ಕಿನ ಸಿಪಿ, ಕೊನೆಗೆ ದೇಶಕ್ಕೆ ತಕ್ಕ ಸೆಟ್ಟಿಂಗಿನ ಸಿಎಸ್‌ಸಿ. ಆ ಕೊನೆಯ ಜಾಗಕ್ಕೆ ಫರ್ಮ್‌ವೇರಿನ (ಫೋನ್ ನಡೆಸುವ ಮೂಲ ಸಾಫ್ಟ್‌ವೇರಿನ) ಜೊತೆಗೇ ಎರಡು ಫೈಲ್ ಬರುತ್ತವೆ. ಹೆಸರಿನಲ್ಲಿ ಹೋಮ್ ಇಲ್ಲದ ಸಿಎಸ್‌ಸಿ ಫೈಲ್ ಹಾಕಿದರೆ ಫೋನ್ ಪೂರ್ತಿ ಖಾಲಿ. ಹೋಮ್ ಸಿಎಸ್‌ಸಿ ಹಾಕಿದರೆ ಸಿಸ್ಟಮ್ ಹೊಸತಾಗುತ್ತದೆ, ನಿಮ್ಮ ಫೋಟೋ, ಆಡಿಯೋ ಸಾಮಾನ್ಯವಾಗಿ ಹಾಗೇ ಉಳಿಯುತ್ತವೆ. ಎರಡೂ ಒಂದೇ ಫೋಲ್ಡರಿನಲ್ಲಿ ಇರುತ್ತವೆ! ಮೌಸನ್ನು ಒಂದು ಸಾಲು ಮೇಲೆ ಕೆಳಗೆ ಸರಿಸುವ ಕೆಲಸ. ಮೀಡಿಯಾಟೆಕ್ ಚಿಪ್ಪಿನ ಫೋನುಗಳಲ್ಲಿ ಇನ್ನೂ ಚಂದ. ಓಡಿನ್ ಥರದ್ದೇ ಆದ ಅವುಗಳ ಫ್ಲ್ಯಾಶ್ ಟೂಲಿನಲ್ಲಿ "ಫಾರ್ಮ್ಯಾಟ್ ಆಲ್" ಒತ್ತಿದರೆ ಫೋಟೋ ಜೊತೆಗೆ ಫೋನಿನ ಗುರುತಿನ ಐಎಂಇಐ ನಂಬರೂ ಹೋಗಬಹುದು. ಆಮೇಲೆ ಸಿಮ್ ಹಾಕಿ ನೆಟ್‌ವರ್ಕ್ ಹುಡುಕುತ್ತಾ ಕೂರಿ.

ಹೋಮ್ ಸಿಎಸ್‌ಸಿ ಹಾಕಿದರೂ ಕೆಲವು ಸಲ ಫೋನ್ ಏಳುವುದಿಲ್ಲ, ಒಳಗಿನ ಡೇಟಾವೇ ಕೆಟ್ಟಿದ್ದರೆ ಅಳಿಸದೆ ದಾರಿಯಿಲ್ಲ. ಒಪ್ಪಿದೆ. ಅಂಗಡಿಯಲ್ಲಿ ಜನ ಜಾಸ್ತಿ, ಸಿಗುವ ದುಡ್ಡು ಕಮ್ಮಿ, ಬ್ಯಾಕಪ್ ಇಡಬೇಕಾದವರು ಗಿರಾಕಿಗಳು, ಅದನ್ನೂ ಒಪ್ಪೋಣ. ಆದರೆ ಮೊದಲು ಉಳಿಸುವ ಫೈಲ್ ಹಾಕಿ ನೋಡಬಹುದಿತ್ತಲ್ವಾ? ಆಗದಿದ್ದರೆ, "ಮಾಷ್ಟ್ರೇ, ಒಳಗೆ ಬೇಕಾದ್ದು ಏನಾದರೂ ಇದೆಯಾ?" ಎಂದು ಕೇಳಲು ಎಷ್ಟು ಹೊತ್ತು ಬೇಕು? ಸ್ಕ್ರೀನ್ ಗಾರ್ಡ್ ಬೇಕಾ ಎಂದು ಮಾತ್ರ ಎರಡೆರಡು ಸಲ ಕೇಳುತ್ತಾರೆ.

ಇನ್ನು "ಮಂಗಳೂರಿಗೆ ಕೊಂಡುಹೋಗಿ, ಅಲ್ಲಿ ರಿಕವರಿ ಮಾಡುತ್ತಾರೆ" ಎನ್ನುವವರಿಗೆ ಒಂದು ಮಾತು. ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ಒಳಗಿನ ಡೇಟಾ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀಲಿಯಿಲ್ಲದೆ ಓದಲಾಗದ ಹಾಗೆ ಬೀಗ ಹಾಕಿರುತ್ತದೆ. ರೀಸೆಟ್ ಆದರೆ ಅದರ ಕೀಲಿಯೇ ನಾಶ. ಬಸ್ ಚಾರ್ಜ್ ದಂಡ, ಅಷ್ಟೇ.

ನಿಜ ಹೇಳಿಬಿಡುತ್ತೇನೆ, ನನಗೆ ತಾಳಮದ್ದಳೆ ಎಂದರೆ ಅಷ್ಟಕ್ಕಷ್ಟೇ. ಭಾಗವತರು ಎರಡನೇ ಪದ ಎತ್ತುವಾಗ ನನಗೆ ತೂಕಡಿಕೆ. ಮಾಷ್ಟ್ರು ಕಳಿಸಿದ ಆಡಿಯೋಗಳನ್ನು ಕೇಳದೆ ಹೆಬ್ಬೆರಳು ತೋರಿಸಿದವರಲ್ಲಿ ನಾನೂ ಒಬ್ಬ. ಆದರೂ ಅವರು ಅಂಗಡಿಯಲ್ಲಿ ಏನೂ ಮಾತಾಡದೆ ದುಡ್ಡು ಎಣಿಸಿ ಕೊಟ್ಟದ್ದು ನೋಡಿ ಹೊಟ್ಟೆ ಉರಿಯಿತು. ಬೈಯುವ ಕೆಲಸವನ್ನೂ ನಾನೇ ಮಾಡಬೇಕಾಯ್ತು. ಆ ಫಾರ್ಮಿಗೆ ಕನ್ನಡದಲ್ಲಿ ಎರಡು ಸಾಲು ಬರೆದು ಕೊಡುತ್ತೇನೆ, ಅಚ್ಚು ಹಾಕಿಸು ಅಂದೆ. ಹುಡುಗ ತಲೆಯಾಡಿಸಿದ. ನೋಡೋಣ.

ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯವರೇ, ಮಾಷ್ಟ್ರು ನಿಮಗೆ ವಾಟ್ಸಾಪಿನಲ್ಲಿ ತಾಳಮದ್ದಳೆ ಆಡಿಯೋ ಕಳಿಸಿದ್ದರೆ ದಯವಿಟ್ಟು ಅಳಿಸಬೇಡಿ. ನನಗೆ ಫಾರ್ವರ್ಡ್ ಮಾಡಿ, ಪೆನ್‌ಡ್ರೈವಿಗೆ ಹಾಕಿ ಅವರಿಗೆ ಕೊಡುತ್ತೇನೆ.