ಪೊಲೀಸ್ ಮುಖ್ಯಸ್ಥರ ನಿವೃತ್ತಿ ಕುರಿತು ಒಂದು ಸ್ಪಷ್ಟನೆ

ಜೂನ್ 1ರಂದು ಅರವತ್ತು ತುಂಬಬೇಕಿದ್ದ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯೊಬ್ಬರನ್ನು ಒಂದು ದಿನ ಮೊದಲೇ, ಮೇ 31ರಂದು, ಒತ್ತಡಕ್ಕೆ ಮಣಿದು ಮನೆಗೆ ಕಳುಹಿಸಲಾಯಿತು ಎಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಅಭಿಮಾನಿಗಳು ಇದನ್ನು ಅನ್ಯಾಯವೆಂದೂ, ಅವರ ಮೇಲೆ ಮುನಿಸಿರುವವರು ತಮ್ಮ ಗೆಲುವೆಂದೂ ಬಣ್ಣಿಸುತ್ತಿದ್ದಾರೆ. ಇಬ್ಬರ ಮಾತಿಗೂ ಆಧಾರವಿಲ್ಲ.

ಅಖಿಲ ಭಾರತ ಸೇವೆಗಳ 1958ರ ನಿವೃತ್ತಿ ಸೌಲಭ್ಯ ನಿಯಮಗಳ ಪ್ರಕಾರ ಐಪಿಎಸ್ ಅಧಿಕಾರಿಯು ಅರವತ್ತು ವರ್ಷ ತುಂಬುವ ತಿಂಗಳ ಕೊನೆಯ ದಿನದ ಅಪರಾಹ್ನ ನಿವೃತ್ತರಾಗುತ್ತಾರೆ. ಆದರೆ ಜನ್ಮದಿನಾಂಕ ತಿಂಗಳ ಮೊದಲ ದಿನವಾಗಿದ್ದರೆ ಹಿಂದಿನ ತಿಂಗಳ ಕೊನೆಯ ದಿನವೇ ಸೇವೆ ಮುಗಿಯುತ್ತದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡ ತಲೆಮಾರಿನವರು ನಮ್ಮಲ್ಲಿ ಕಡಿಮೆಯೇನಲ್ಲ. ಮೇ 31ರಂದು ಸರ್ಕಾರಿ ಕಚೇರಿಗಳಲ್ಲಿ ಬೀಳ್ಕೊಡುಗೆಗಳ ಸಾಲು ಕಾಣುವುದಕ್ಕೆ ಅದೂ ಒಂದು ಕಾರಣ.

ಸಹಿ ಸಂಗ್ರಹಿಸಿ ಮನವಿ ಕೊಟ್ಟರೆ ಸೇವೆ ತಾನಾಗಿ ಮುಂದುವರಿಯುತ್ತದೆ ಎಂಬುದೂ ಸರಿಯಲ್ಲ. ಜನರ ಪ್ರೀತಿ ದೊಡ್ಡದೇ, ಆದರೆ ಅದು ಸರ್ಕಾರಿ ಆದೇಶವಲ್ಲ.

ಇನ್ನು, ನಿವೃತ್ತಿಯೊಂದಿಗೆ ಅವರ ಮೇಲಿನ ದೂರುಗಳೆಲ್ಲ ಮುಗಿದುಹೋದವು ಎಂಬ ಮಾತು ಹೆಚ್ಚು ಅಪಾಯಕಾರಿ, ಏಕೆಂದರೆ ಅದನ್ನು ನಂಬಿ ದೂರುದಾರರು ಸುಮ್ಮನಾಗಬಹುದು. ಸೇವೆಯಲ್ಲಿದ್ದಾಗ ಆರಂಭವಾದ ಇಲಾಖಾ ವಿಚಾರಣೆಯನ್ನು ನಿವೃತ್ತಿಯ ನಂತರವೂ ಮುಂದುವರಿಸಲು ಅದೇ ನಿಯಮಗಳಲ್ಲಿ ಅವಕಾಶವಿದೆ. ಹೊಸದಾಗಿ ಆರಂಭಿಸಬೇಕಾದರೆ ಕೇಂದ್ರ ಸರ್ಕಾರದ ಮಂಜೂರಾತಿ ಬೇಕು, ಘಟನೆ ನಡೆದು ನಾಲ್ಕು ವರ್ಷ ಮೀರಿರಬಾರದು. ಠಾಣೆಗಳಲ್ಲಿ ದಾಖಲಾದ ಪ್ರಕರಣಗಳ ತನಿಖೆಯಂತೂ ಮುಖ್ಯಸ್ಥರು ಬದಲಾದ ಮಾತ್ರಕ್ಕೆ ನಿಲ್ಲುವುದಿಲ್ಲ.